ಬರೋಲೊ ವೈನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬರೋಲೊ ಅನ್ನುವುದು ಊರೋ, ದ್ರಾಕ್ಷಿಯೋ, ಕಂಪನಿಯೋ?

ಊರು. ಆ ಊರಿನ ಹೆಸರೇ ವೈನಿಗೂ ಬಂದಿದೆ. ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂಟೆ ಪ್ರಾಂತ್ಯದಲ್ಲಿ ಆಲ್ಬಾ ಪಟ್ಟಣವಿದೆ. ಅದರ ನೈಋತ್ಯಕ್ಕೆ ಹಬ್ಬಿದ ಲಾಂಗೆ ಗುಡ್ಡಗಳ ನಡುವೆ ಬರೋಲೊ ಎಂಬ ಸಣ್ಣ ಹಳ್ಳಿ. ದ್ರಾಕ್ಷಿಯ ಹೆಸರು ನೆಬ್ಬಿಯೋಲೊ. ಹನ್ನೊಂದು ಊರುಗಳ ಗೊತ್ತುಮಾಡಿದ ಇಳಿಜಾರುಗಳಲ್ಲಿ ಬೆಳೆದ ನೆಬ್ಬಿಯೋಲೊವನ್ನು, ಬೇರೆ ಯಾವ ದ್ರಾಕ್ಷಿಯನ್ನೂ ಬೆರೆಸದೆ, ನಿಯಮದಷ್ಟು ಕಾಲ ಮಾಗಿಸಿದರೆ ಮಾತ್ರ ಬಾಟಲಿಯ ಮೇಲೆ ಬರೋಲೊ ಎಂದು ಬರೆಯಬಹುದು. ಬರೋಲೊ, ಕಾಸ್ಟಿಲ್ಯೋನೆ ಫಲ್ಲೆಟ್ಟೊ ಮತ್ತು ಸೆರ್ರಲುಂಗಾ ದಾಲ್ಬಾ ಈ ಮೂರು ಊರು ಪೂರ್ತಿಯಾಗಿ ಗಡಿಯೊಳಗಿವೆ. ಲಾ ಮೊರ್ರಾ, ಮೊನ್‌ಫೋರ್ಟೆ ದಾಲ್ಬಾ, ನೊವೆಲ್ಲೊ, ವೆರ್ದೂನೊ, ಗ್ರಿಂಜಾನೆ ಕವೂರ್, ದಿಯಾನೊ ದಾಲ್ಬಾ, ಕೆರಾಸ್ಕೊ, ರೊದ್ದಿ ಭಾಗಶಃ ಸೇರಿವೆ. ಎಲ್ಲ ತೋಟಗಳನ್ನು ಕೂಡಿಸಿದರೂ ಸುಮಾರು 2,200 ಹೆಕ್ಟೇರ್.

ಈ ಗುಡ್ಡಗಳ ದ್ರಾಕ್ಷಿ ತೋಟಗಳ ಭೂದೃಶ್ಯವನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಣ್ಣ ಇಷ್ಟೊಂದು ತೆಳು. ನೀರು ಬೆರೆಸಿದ್ದಾರೆಯೇ?

ಇಲ್ಲ. ಕೆಂಪು ವೈನ್ ಎಂದರೆ ಶಾಯಿಯಂತೆ ಕಪ್ಪುಗೆಂಪು ಇರಬೇಕು ಎಂದುಕೊಂಡವರಿಗೆ ಬರೋಲೊ ಗ್ಲಾಸಿಗೆ ಬಿದ್ದ ಕೂಡಲೇ ಅನುಮಾನ ಬರುತ್ತದೆ. ಗ್ಲಾಸಿನ ಆಚೆ ಹಿಡಿದ ಬೆರಳು ಈಚೆಗೆ ಕಾಣುತ್ತದೆ. ನೆಬ್ಬಿಯೋಲೊ ಸಿಪ್ಪೆಯ ಬಣ್ಣದಲ್ಲಿ ಪಿಯೋನಿಡಿನ್, ಸಯನಿಡಿನ್ ಬಗೆಯವು ಹೆಚ್ಚು. ಇವು ಗಾಳಿ ತಗಲಿದರೆ ಬೇಗ ಮಾಸುತ್ತವೆ. ಬಣ್ಣವನ್ನು ಗಟ್ಟಿಯಾಗಿ ಹಿಡಿದಿಡುವ ಮಾಲ್ವಿಡಿನ್ ಇದರಲ್ಲಿ ಕಡಿಮೆ. ಹಾಗಾಗಿ ಆರೇಳು ವರ್ಷಕ್ಕೇ ಅಂಚಿನಲ್ಲಿ ಇಟ್ಟಿಗೆಯ ಬಣ್ಣ ಇಣುಕುತ್ತದೆ, ಇಪ್ಪತ್ತು ವರ್ಷಕ್ಕೆ ಇಡೀ ಗ್ಲಾಸು ಹೆಂಚಿನ ಕೆಂಪಿಗೆ ತಿರುಗುತ್ತದೆ. ಬೇರೆ ವೈನಿನಲ್ಲಿ ಈ ಬಣ್ಣ ಮುದಿತನದ ಗುರುತು, ಇಲ್ಲಿ ಅದು ಹುಟ್ಟುಗುಣ. ಎಳೆಯ ಬರೋಲೊ ಒಂದು ಅನುಮಾನ ಬರುವಷ್ಟು ದಟ್ಟ ಕಪ್ಪಾಗಿದ್ದರೆ, ಅದರಲ್ಲಿ ನೆಬ್ಬಿಯೋಲೊ ಮಾತ್ರವೇ ಇದೆಯೇ ಎಂದು ಕೇಳುವುದು ನ್ಯಾಯವೇ.

ಮೊದಲ ಗುಟುಕಿಗೇ ನಾಲಿಗೆ ಹಿಂಡಿತು, ಒಸಡು ಒಣಗಿತು. ಹಾಳಾದ ಬಾಟಲಿಯೇ?

ಅದು ಒಗರು. ಬರೋಲೊವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಪದ ಸಾಕು, ಮತ್ತು ಇದು ನಮ್ಮ ಬಾಯಿಗೆ ಚೆನ್ನಾಗಿ ಗೊತ್ತಿರುವ ರುಚಿ. ಹಸಿ ಅಡಿಕೆ, ನೇರಳೆ, ಗೇರುಹಣ್ಣು, ಬಾಳೆಕಾಯಿಯ ಸಿಪ್ಪೆ ಎಲ್ಲದರಲ್ಲೂ ಇರುವುದು ಇದೇ ಟ್ಯಾನಿನ್. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುಗುಣವನ್ನು ಕಸಿಯುತ್ತದೆ, ಅದಕ್ಕೇ ಬಾಯಿ ಒಣಗಿದಂತಾಗುವುದು. ನೆಬ್ಬಿಯೋಲೊದ ಸಿಪ್ಪೆಯಲ್ಲೂ ಬೀಜದಲ್ಲೂ ಟ್ಯಾನಿನ್ ವಿಪರೀತ, ಜೊತೆಗೆ ಹುಳಿಯೂ ಚುರುಕು. ಬಣ್ಣ ನೋಡಿ ಮೆದು ಎಂದುಕೊಂಡವರನ್ನು ರುಚಿ ಬೆಚ್ಚಿಬೀಳಿಸುವುದು ಈ ಕಾರಣಕ್ಕೆ.

ಒಗರನ್ನು ದೋಷ ಎಂದು ನೋಡುವುದೇ ತಪ್ಪು. ದಶಕಗಟ್ಟಲೆ ಬದುಕಲು ಈ ವೈನ್ ಕೂಡಿಟ್ಟ ಗಂಟು ಅದು. ಟ್ಯಾನಿನ್ ಆಮ್ಲಜನಕವನ್ನು ತಾನು ಹೀರಿಕೊಂಡು ಉಳಿದದ್ದನ್ನು ಕಾಯುತ್ತದೆ. ವರ್ಷ ಕಳೆದಂತೆ ಟ್ಯಾನಿನ್ ಕಣಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಬಣ್ಣದ ಕಣಗಳನ್ನೂ ಜೊತೆಗೆ ಸೇರಿಸಿಕೊಳ್ಳುತ್ತವೆ. ಒಂದಷ್ಟು ಭಾರವಾಗಿ ಗಷ್ಟಾಗಿ ತಳಕ್ಕೆ ಇಳಿಯುತ್ತದೆ. ಉಳಿದದ್ದು ಬಾಯಿಯಲ್ಲಿ ಗೀರುವುದನ್ನು ಬಿಟ್ಟು ಹರಡಿಕೊಳ್ಳುತ್ತದೆ. ಒಗರು ಪೂರ್ತಿ ಹೋಗುವುದಿಲ್ಲ, ಹೋಗಲೂಬಾರದು.

ಒಳ್ಳೆಯ ಒಗರಿಗೂ ಕೆಟ್ಟ ಒಗರಿಗೂ ವ್ಯತ್ಯಾಸವಿದೆ. ಬಲಿತ ಸಿಪ್ಪೆಯಿಂದ ಬಂದದ್ದು ನಯವಾದ ಪುಡಿಯಂತೆ ಬಾಯಿ ತುಂಬ ಸಮನಾಗಿ ಕೂರುತ್ತದೆ, ಹಿಂದೆಯೇ ಹಣ್ಣಿನ ರುಚಿ ಬರುತ್ತದೆ. ಕಾಯಿ ಇದ್ದಾಗಲೇ ಕೊಯ್ದ ಗೊಂಚಲಿನಿಂದ ಬಂದದ್ದು ಹಸಿರು ಕಹಿ, ನಾಲಿಗೆಯ ಹಿಂಭಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲನೆಯದಕ್ಕೆ ಕಾಲ ಮದ್ದು. ಎರಡನೆಯದಕ್ಕೆ ಕಾಲವೂ ಏನೂ ಮಾಡಲಾರದು.

ಎಷ್ಟು ವರ್ಷ ಇಡಬೇಕು?

ಹಲವು ಊರುಗಳ ದ್ರಾಕ್ಷಿ ಸೇರಿಸಿ ಮಾಡಿದ ಸಾಮಾನ್ಯ ಬರೋಲೊ ಕೊಯ್ಲಿನಿಂದ ಎಂಟು–ಹತ್ತು ವರ್ಷಕ್ಕೆ ಹದಕ್ಕೆ ಬರುತ್ತದೆ, ಹದಿನೈದರವರೆಗೆ ಚೆನ್ನಾಗಿರುತ್ತದೆ. ಒಳ್ಳೆಯ ವರ್ಷದ, ಒಳ್ಳೆಯ ಒಂಟಿ ತೋಟದ ಬಾಟಲಿಗೆ ಹದಿನೈದರಿಂದ ಮೂವತ್ತು ವರ್ಷ. ಅಪರೂಪಕ್ಕೆ ನಲವತ್ತು ದಾಟಿಯೂ ಗಟ್ಟಿಯಾಗಿ ನಿಲ್ಲುವವು ಇವೆ. ನಡುವೆ ಒಂದು ಮೌನದ ಕಾಲ ಬರುತ್ತದೆ. ಎಳತನದ ಹಣ್ಣಿನ ಘಮ ಅಡಗಿ, ಮಾಗಿದ ಘಮ ಇನ್ನೂ ಬಾರದೆ, ಬರೀ ಒಗರು–ಹುಳಿ ಕಾಣುತ್ತದೆ. ಆಗ ಬಿರಡೆ ತೆಗೆದವರು ನಿರಾಸೆಪಡುತ್ತಾರೆ. ಒಂದೇ ವೈನಿನ ಮೂರು ಬಾಟಲಿ ಕೊಳ್ಳಲು ಸಾಧ್ಯವಾದರೆ ಒಂದನ್ನು ಎಂಟನೇ ವರ್ಷಕ್ಕೆ, ಒಂದನ್ನು ಹನ್ನೆರಡಕ್ಕೆ, ಕೊನೆಯದನ್ನು ಮೊದಲೆರಡರ ರುಚಿ ನೋಡಿ ತೆರೆಯಿರಿ. ಯಾವ ಪಟ್ಟಿಗಿಂತಲೂ ಇದು ನಂಬಿಕಸ್ಥ ವಿಧಾನ.

ಗುಲಾಬಿ, ಡಾಂಬರು ಎಂದು ಏಕೆ ಹೇಳುತ್ತಾರೆ?

ಏಕೆಂದರೆ ಎರಡೂ ನಿಜವಾಗಿ ಬರುತ್ತವೆ. ಎಳೆಯದರಲ್ಲಿ ಹೊಸ ಗುಲಾಬಿ, ವಯಲೆಟ್ ಹೂವು, ಹುಳಿ ಚೆರ್ರಿ. ಮಾಗಿದಂತೆ ಒಣಗಿದ ಗುಲಾಬಿ ಎಸಳು, ಬಿಸಿಲಿಗೆ ಕಾದ ರಸ್ತೆಯ ಡಾಂಬರು, ಜ್ಯೇಷ್ಠಮಧು, ಚರ್ಮ, ತಂಬಾಕು, ಮಳೆ ಬಿದ್ದ ಕಾಡಿನ ನೆಲ. ಗುಲ್ಕಂದಿನ ಡಬ್ಬಿ ತೆರೆದಾಗ ಬರುವ ಘಮ ನೆನಪಿದ್ದರೆ ಹತ್ತು ವರ್ಷದ ಬರೋಲೊದಲ್ಲಿ ಅದನ್ನು ಗುರುತಿಸುವುದು ನಮಗೆ ಕಷ್ಟವಲ್ಲ. ಘಮ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಸುರಿದ ಹತ್ತು ನಿಮಿಷಕ್ಕೆ ತೀರ್ಪು ಕೊಡಬೇಡಿ.

ಇದನ್ನು ಬೇರೆ ಕಡೆ, ನಮ್ಮ ನಂದಿಬೆಟ್ಟದ ಸುತ್ತ ಬೆಳೆಯಬಹುದಲ್ಲ?

ನೆಬ್ಬಿಯೋಲೊ ಬಹಳ ಹಟದ ಬಳ್ಳಿ. ಚಿಗುರುವುದು ಎಲ್ಲಕ್ಕಿಂತ ಮೊದಲು, ಹಣ್ಣಾಗುವುದು ಎಲ್ಲಕ್ಕಿಂತ ಕೊನೆಗೆ. ಲಾಂಗೆಯಲ್ಲಿ ದೊಲ್ಚೆಟ್ಟೊ, ಬಾರ್ಬೆರಾ ದ್ರಾಕ್ಷಿಗಳ ಕೊಯ್ಲು ಮುಗಿದ ಮೇಲೆ ಇದರ ಸರದಿ, ವಾಡಿಕೆಯಂತೆ ಅಕ್ಟೋಬರ್ ನಡುವಿನಲ್ಲಿ. ಈಚಿನ ಬಿಸಿ ವರ್ಷಗಳಲ್ಲಿ ಅದು ಮುಂಚೆಯೇ ಆಗುತ್ತಿದೆ. ಆ ಹೊತ್ತಿಗೆ ತಾನಾರೊ ನದಿಯ ಕಣಿವೆಯಿಂದ ಮಂಜು ಏಳುತ್ತದೆ. ಮಂಜಿಗೆ ಇಟಾಲಿಯನ್ನಿನಲ್ಲಿ ನೆಬ್ಬಿಯಾ, ದ್ರಾಕ್ಷಿಯ ಹೆಸರು ಅದರಿಂದಲೇ ಬಂತೆಂದು ಅನೇಕರು ಹೇಳುತ್ತಾರೆ. ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ ಇರುವ ಆ ಉದ್ದನೆಯ ಶರತ್ಕಾಲದಲ್ಲಿ ಸಿಪ್ಪೆ ಬಲಿಯುತ್ತದೆ, ಹುಳಿಯೂ ಉಳಿಯುತ್ತದೆ. ಗುಡ್ಡದ ಬುಡದ ತಂಪು ಜಾಗ ಇದಕ್ಕೆ ಆಗದು, ಉತ್ತರಕ್ಕೆ ಮುಖ ಮಾಡಿದ ಇಳಿಜಾರನ್ನು ನಿಯಮವೇ ಹೊರಗಿಟ್ಟಿದೆ. ಚಳಿಗಾಲದಲ್ಲಿ ಹಿಮ ಎಲ್ಲಿ ಮೊದಲು ಕರಗುತ್ತದೋ ಅಲ್ಲಿ ನೆಬ್ಬಿಯೋಲೊ ನೆಡು ಎಂಬುದು ಅಲ್ಲಿನ ರೈತರ ಹಳೆಯ ಲೆಕ್ಕ.

ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲ. ವಿಜಯಪುರದ ಕಡೆಯ ಬೆಳೆಗಾರರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಸಲ ಕಡ್ಡಿ ಸವರಿ ಬೆಳೆಯನ್ನು ಹಿಡಿತಕ್ಕೆ ತರುತ್ತಾರೆ. ಹಣ್ಣು ಮಾಗುವುದು ಬಿಸಿಲು ಏರುವ ಕಾಲದಲ್ಲಿ. ನಂದಿಬೆಟ್ಟದ ತಪ್ಪಲಿನಲ್ಲಿ ಕಾಬರ್ನೆ ಸೋವಿನ್ಯೋ, ಶಿರಾಜ್‌ನಂಥ ಹೊಂದಿಕೊಳ್ಳುವ ತಳಿಗಳು ಚೆನ್ನಾಗಿ ಬಂದಿವೆ. ನೆಬ್ಬಿಯೋಲೊ ಕೇಳುವ ಋತು ಬೇರೆ. ಯುರೋಪಿನಲ್ಲೇ ಇದು ನೆಲೆ ನಿಂತಿರುವ ಜಾಗಗಳು ಕಡಿಮೆ: ಪಿಯೆಮೊಂಟೆಯ ಉತ್ತರದ ಗತ್ತಿನಾರಾ, ಗೆಮ್ಮೆ ಊರುಗಳು (ಅಲ್ಲಿ ಇದರ ಹೆಸರು ಸ್ಪಾನ್ನಾ) ಮತ್ತು ಆಲ್ಪ್ಸ್ ಬುಡದ ವಾಲ್ತೆಲ್ಲಿನಾ ಕಣಿವೆ (ಅಲ್ಲಿ ಕ್ಯಾವೆನ್ನಾಸ್ಕಾ).

ಹನ್ನೊಂದು ಊರುಗಳಲ್ಲಿ ರುಚಿಯ ವ್ಯತ್ಯಾಸ ನಿಜವಾಗಿ ಇದೆಯೇ?

ಇದೆ, ಮತ್ತು ಅದರ ಬೇರು ಮಣ್ಣಿನಲ್ಲಿದೆ. ಈ ಗುಡ್ಡಗಳು ಒಂದು ಕಾಲದ ಸಮುದ್ರತಳ. ಪಶ್ಚಿಮದ ಲಾ ಮೊರ್ರಾ ಮತ್ತು ಬರೋಲೊ ಕಡೆ ಭೂವಿಜ್ಞಾನಿಗಳು ಟೋರ್ಟೋನಿಯನ್ ಎನ್ನುವ ಕಾಲದ, ಸುಣ್ಣ ಬೆರೆತ ನೀಲಿಬೂದು ಜೇಡಿಮಣ್ಣು. ಅಲ್ಲಿನ ವೈನ್ ಘಮದಲ್ಲಿ ಮುಂದು, ಒಗರು ತುಸು ಬೇಗ ಮೆತ್ತಗಾಗುತ್ತದೆ. ಪೂರ್ವದ ಸೆರ್ರಲುಂಗಾ ಮತ್ತು ಮೊನ್‌ಫೋರ್ಟೆ ಕಡೆ ಅದಕ್ಕಿಂತ ಹಳೆಯ ಮಣ್ಣು. ಮರಳುಗಲ್ಲಿನ ಪದರಗಳು ನಡುನಡುವೆ ಬರುತ್ತವೆ, ನೆಲ ಬಡವಾಗಿದೆ, ಬಳ್ಳಿ ಹೆಣಗಬೇಕು. ಅಲ್ಲಿನ ವೈನ್ ಬಿಗಿ, ಗಡಸು, ದೀರ್ಘಾಯುಷಿ. ಕಾಸ್ಟಿಲ್ಯೋನೆ ಫಲ್ಲೆಟ್ಟೊ ಇವೆರಡರ ನಡುವೆ ನಿಂತು ಎರಡೂ ಕಡೆಯ ಗುಣ ಪಡೆದಿದೆ. ಉತ್ತರದ ವೆರ್ದೂನೊದ ವೈನಿನಲ್ಲಿ ಕಾಳುಮೆಣಸಿನ ಘಮ ಎದ್ದು ಕಾಣುತ್ತದೆ.

ಇದು ಸ್ಥೂಲ ಚಿತ್ರ. ಇಳಿಜಾರಿನ ಮುಖ, ಎತ್ತರ, ಮಾಡುವವರ ಕೈ ಇವೆಲ್ಲ ಸೇರಿ ಅದನ್ನು ತಿದ್ದುತ್ತವೆ. ಆದರೂ ಮೊದಲ ಎರಡು ಬಾಟಲಿ ಕೊಳ್ಳುವವರಿಗೆ ನಮ್ಮ ಸಲಹೆ ಇದು: ಒಂದೇ ವರ್ಷದ ಲಾ ಮೊರ್ರಾ ಒಂದು, ಸೆರ್ರಲುಂಗಾ ಒಂದು ತಂದು ಪಕ್ಕಪಕ್ಕದಲ್ಲಿಟ್ಟು ಕುಡಿಯಿರಿ. ನೂರು ಪುಟ ಓದಿ ತಿಳಿಯದ್ದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಹೇಗೆ ತಯಾರಿಸುತ್ತಾರೆ?

ಕೈಯಲ್ಲಿ ಕೊಯ್ದ ಗೊಂಚಲಿನ ತೊಟ್ಟು ಬಿಡಿಸಿ, ಹಣ್ಣನ್ನು ಮೆಲ್ಲಗೆ ಒಡೆದು, ಸಿಪ್ಪೆ–ಬೀಜದ ಸಮೇತ ತೊಟ್ಟಿಗೆ ಹಾಕುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯ ಮಾಡುವಾಗ ಬಿಸಿ ಏಳುತ್ತದೆ, ಅದನ್ನು 28ರಿಂದ 32 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತಾರೆ. ಸಿಪ್ಪೆ ಮೇಲೆ ತೇಲಿ ದಪ್ಪ ಟೋಪಿಯಂತೆ ಕೂರುತ್ತದೆ. ಅದು ಒಣಗಿದರೆ ವಿನೆಗರ್ ಹುಳಿ ಹಿಡಿಯುತ್ತದೆ, ಆದ್ದರಿಂದ ದಿನಕ್ಕೆ ಹಲವು ಸಲ ಕೆಳಗಿನ ರಸವನ್ನು ಮೇಲೆತ್ತಿ ಸುರಿದು ತೋಯಿಸುತ್ತಾರೆ. ಹಳೆಯ ಪದ್ಧತಿಯವರು ಹುದುಗು ಮುಗಿದ ಮೇಲೆ ಮರದ ಪಟ್ಟಿಗಳಿಂದ ಸಿಪ್ಪೆಯನ್ನು ರಸದೊಳಗೇ ಮುಳುಗಿಸಿ ಒತ್ತಿಡುತ್ತಾರೆ. ಒಟ್ಟು 30ರಿಂದ 60 ದಿನ ಸಿಪ್ಪೆಯ ಜೊತೆ ಇರುವುದುಂಟು. ಇದರಿಂದ ಒಗರು ಇನ್ನಷ್ಟು ಏರಬೇಕಲ್ಲ ಎಂದು ಕೇಳುವವರಿದ್ದಾರೆ. ಮೊದಲ ವಾರಗಳಲ್ಲಿ ಏರುತ್ತದೆ, ಆಮೇಲೆ ಟ್ಯಾನಿನ್ ಅಲ್ಲೇ ಒಂದಕ್ಕೊಂದು ಹೆಣೆದುಕೊಳ್ಳತೊಡಗುತ್ತದೆ.

ಬಳಿಕ ಚೂಪು ಮ್ಯಾಲಿಕ್ ಆಮ್ಲ ಮೆದು ಲ್ಯಾಕ್ಟಿಕ್ ಆಮ್ಲವಾಗುವ ಎರಡನೇ ಹಂತ, ಅದಾದ ಮೇಲೆ ಮರದ ಪೀಪಾಯಿ. ನಿಯಮದ ಪ್ರಕಾರ ಕೊಯ್ಲಿನ ವರ್ಷದ ನವೆಂಬರ್ 1ರಿಂದ ಎಣಿಸಿ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದಲ್ಲಿ. ರಿಸೆರ್ವಾ ಎಂದು ಬರೆಯಬೇಕಾದರೆ ಒಟ್ಟು 62 ತಿಂಗಳು. ಮದ್ಯದಂಶ ಕನಿಷ್ಠ ಶೇ 13. ಈಗ ಹೆಚ್ಚಿನವು 14ರ ಆಸುಪಾಸು, ಬಿಸಿ ವರ್ಷಗಳಲ್ಲಿ 15 ಮುಟ್ಟುತ್ತವೆ. ಹೆಕ್ಟೇರಿಗೆ 8 ಟನ್‌ಗಿಂತ ಹೆಚ್ಚು ಹಣ್ಣು ತೆಗೆಯುವಂತಿಲ್ಲ. ಅದಕ್ಕಾಗಿ ಬೇಸಿಗೆಯಲ್ಲೇ ಹಸಿರು ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಬೀಳಿಸುತ್ತಾರೆ.

‘ಬರೋಲೊ ಯುದ್ಧ’ ಎಂದರೇನು?

1980–90ರ ದಶಕಗಳಲ್ಲಿ ಒಗರನ್ನು ಏನು ಮಾಡಬೇಕು ಎಂಬ ಪ್ರಶ್ನೆಯ ಮೇಲೆ ಊರು ಎರಡಾಯಿತು. ಹಳಬರದ್ದು ಉದ್ದನೆಯ ನೆನೆಸುವಿಕೆ, ಸಾವಿರಾರು ಲೀಟರ್ ಹಿಡಿಯುವ, ಕ್ರೊಯೇಷಿಯಾದ ಸ್ಲಾವೋನಿಯಾ ಓಕಿನ ದೊಡ್ಡ ಪೀಪಾಯಿ. ದೊಡ್ಡ ಪೀಪಾಯಿಯಲ್ಲಿ ವೈನಿಗೆ ತಗಲುವ ಮರ ಕಡಿಮೆ, ಗಾಳಿ ನಿಧಾನ, ಮರದ ವಾಸನೆ ಇಲ್ಲವೇ ಇಲ್ಲ. ಕಾಯುವುದೇ ಅವರ ಉತ್ತರ. ಆದರೆ ಆಗಿನ ಹಲವು ನೆಲಮಾಳಿಗೆಗಳಲ್ಲಿ ಪೀಪಾಯಿಗಳು ಹಳೆಯವು, ಕೊಳಕು. ಹಣ್ಣೂ ಅರೆಬಲಿತದ್ದು. ವೈನ್ ಬಹಳ ವರ್ಷ ಕಾದರೂ ಒರಟಾಗಿಯೇ ಉಳಿಯುತ್ತಿತ್ತು. ಮಾರಾಟವೂ ಕುಸಿದಿತ್ತು.

ಲಾ ಮೊರ್ರಾದ ವೈನ್ ತಯಾರಕ ಎಲಿಯೊ ಆಲ್ತಾರೆ ಫ್ರಾನ್ಸಿನ ಬರ್ಗಂಡಿಗೆ ಹೋಗಿ ಬಂದವರು. 1983ರಲ್ಲಿ ತಂದೆಯ ಹಳೆಯ ಪೀಪಾಯಿಗಳನ್ನು ಯಂತ್ರದ ಗರಗಸದಿಂದ ಕತ್ತರಿಸಿ ಹಾಕಿದರು, ತಂದೆ ಅವರನ್ನು ಆಸ್ತಿಯಿಂದ ಹೊರಗಿಟ್ಟರು. ಹೊಸಬರು ನೆನೆಸುವ ಕಾಲವನ್ನು ಕೆಲವೇ ದಿನಕ್ಕೆ ಇಳಿಸಿ, ತಿರುಗುವ ತೊಟ್ಟಿ ತಂದು, 225 ಲೀಟರಿನ ಹೊಸ ಫ್ರೆಂಚ್ ಓಕಿನ ಬಾರಿಕ್ ಎಂಬ ಸಣ್ಣ ಪೀಪಾಯಿಗಳಿಗೆ ವೈನ್ ತುಂಬಿದರು. ಬಣ್ಣ ಗಟ್ಟಿಯಾಯಿತು, ಬೇಗ ಕುಡಿಯಲು ಬಂತು, ಅಮೆರಿಕದಲ್ಲಿ ಬೇಡಿಕೆ ಏರಿತು. ಹಲವು ಬಾಟಲಿಗಳಲ್ಲಿ ಗುಲಾಬಿಯ ಜಾಗಕ್ಕೆ ವೆನಿಲಾ ಬಂದು ಕೂತಿತು ಕೂಡ. ಇನ್ನೊಂದು ಕಡೆಯಲ್ಲಿ ಹಳೆಯ ಪದ್ಧತಿಯ ಬರ್ತೊಲೊ ಮಸ್ಕರೆಲ್ಲೊ ‘ಬಾರಿಕ್ ಬೇಡ, ಬೆರ್ಲುಸ್ಕೋನಿಯೂ (ಇಟಲಿಯ ರಾಜಕಾರಣಿ) ಬೇಡ’ ಎಂದು ಕೈಯಲ್ಲಿ ಬರೆದ ಲೇಬಲ್ ಅಂಟಿಸಿ ಹಟ ಹಿಡಿದು ಕೂತರು.

ಇವತ್ತು ಯುದ್ಧ ತಣಿದಿದೆ. ಹೆಚ್ಚಿನವರು ದೊಡ್ಡ ಪೀಪಾಯಿಗೆ ಮರಳಿದ್ದಾರೆ. ಆದರೆ ಹೊಸಬರು ಕಲಿಸಿದ ಸ್ವಚ್ಛತೆ, ತೋಟದಲ್ಲಿ ಗೊಂಚಲು ಇಳಿಸುವ ಶಿಸ್ತು ಉಳಿದುಕೊಂಡಿದೆ. ನಮ್ಮ ಮನಸ್ಸು ದೊಡ್ಡ ಪೀಪಾಯಿಯ ಕಡೆಗೇ ಇದೆ: ನೆಬ್ಬಿಯೋಲೊದ ಘಮ ಸೂಕ್ಷ್ಮ, ಹೊಸ ಓಕ್ ಅದರ ಮೇಲೆ ದಪ್ಪ ಬಣ್ಣ ಬಳಿದಂತೆ.

‘ರಾಜರ ವೈನ್, ವೈನುಗಳ ರಾಜ’ ಎಂಬ ಹೆಸರು ಎಲ್ಲಿಂದ ಬಂತು?

ಹತ್ತೊಂಬತ್ತನೇ ಶತಮಾನದಲ್ಲಿ ಪಿಯೆಮೊಂಟೆಯನ್ನು ಆಳುತ್ತಿದ್ದ ಸವೋಯ್ ರಾಜಮನೆತನದ ಆಸ್ಥಾನದಿಂದ. ಅದಕ್ಕೂ ಹಿಂದೆ ಇಲ್ಲಿನ ನೆಬ್ಬಿಯೋಲೊ ವೈನ್ ಹೆಚ್ಚಾಗಿ ಸಿಹಿ, ಕೆಲವೊಮ್ಮೆ ನೊರೆ ಬರುವಂಥದ್ದು. ತಡವಾದ ಕೊಯ್ಲು, ಬೇಗ ಬರುವ ಚಳಿ. ಸಕ್ಕರೆ ಮುಗಿಯುವ ಮೊದಲೇ ಯೀಸ್ಟ್ ಮಲಗಿಬಿಡುತ್ತಿತ್ತು. ಅದನ್ನು ಪೂರ್ತಿ ಹುದುಗಿಸಿ, ಸಿಹಿ ಇಲ್ಲದ, ಬಾಳುವ ವೈನಾಗಿ ಮಾಡಿದ ಬದಲಾವಣೆಯ ಸುತ್ತ ನಾಲ್ಕು ಹೆಸರುಗಳಿವೆ. ಫ್ರಾನ್ಸಿನಲ್ಲಿ ಹುಟ್ಟಿ ಬರೋಲೊದ ಫಲ್ಲೆಟ್ಟಿ ಮನೆತನಕ್ಕೆ ಸೊಸೆಯಾಗಿ ಬಂದ ಜೂಲಿಯಾ ಕೋಲ್ಬೆರ್ (1785–1864), ಗ್ರಿಂಜಾನೆಯ ಮೇಯರ್ ಆಗಿದ್ದು ಮುಂದೆ ಇಟಲಿಯ ಮೊದಲ ಪ್ರಧಾನಿಯಾದ ಕವೂರ್, ಫ್ರೆಂಚ್ ವೈನ್ ವ್ಯಾಪಾರಿ ಲೂಯಿ ಊದಾರ್, ಮತ್ತು ಸೇನಾಧಿಕಾರಿ ಪಾವ್ಲೊ ಫ್ರಾಂಚೆಸ್ಕೊ ಸ್ತಾಲಿಯೆನೊ. ಬಹಳ ಕಾಲ ಶ್ರೇಯವೆಲ್ಲ ಊದಾರ್‌ಗೆ ಹೋಗುತ್ತಿತ್ತು. ದಾಖಲೆಗಳನ್ನು ಕೆದಕಿದ ಈಚಿನ ಸಂಶೋಧನೆ ಸ್ತಾಲಿಯೆನೊ ಅದಕ್ಕೂ ಮೊದಲೇ ಈ ಕೆಲಸ ಮಾಡಿದ್ದನ್ನು ತೋರಿಸಿದೆ. ರಾಜ ಕಾರ್ಲೊ ಆಲ್ಬೆರ್ಟೊ ವೆರ್ದೂನೊ ಕೋಟೆಯನ್ನೇ ಕೊಂಡು ವೈನ್ ಮಾಡಿಸುವ ಹೊಣೆಯನ್ನು ಸ್ತಾಲಿಯೆನೊಗೆ ವಹಿಸಿದ್ದ. ಜೂಲಿಯಾ ಅರಮನೆಗೆ 325 ಪೀಪಾಯಿ ಕಳಿಸಿದ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ: ವರ್ಷದ ದಿನಕ್ಕೊಂದು, ಈಸ್ಟರ್ ಮುಂಚಿನ ಉಪವಾಸದ ನಲವತ್ತು ದಿನ ಬಿಟ್ಟು.

ಕಾನೂನಿನ ರಕ್ಷಣೆ ಬಂದದ್ದು ಬಹಳ ತಡವಾಗಿ. 1966ರಲ್ಲಿ ಡಿಒಸಿ ಎಂಬ, ಹುಟ್ಟಿದ ಜಾಗದ ಹೆಸರಿಗೆ ಕೊಡುವ ಸರ್ಕಾರಿ ಮಾನ್ಯತೆ, 1980ರಲ್ಲಿ ಇಟಲಿಯ ಅತ್ಯುಚ್ಚ ದರ್ಜೆಯಾದ ಡಿಒಸಿಜಿ.

ಲೇಬಲ್‌ನಲ್ಲಿ ಏನು ನೋಡಬೇಕು?

ಕತ್ತಿನ ಮೇಲೆ ಸರ್ಕಾರದ ಸಂಖ್ಯೆಯುಳ್ಳ ಡಿಒಸಿಜಿ ಪಟ್ಟಿ ಇರಲೇಬೇಕು. ಬರೀ ‘ಬರೋಲೊ’ ಎಂದಿದ್ದರೆ ಸಾಮಾನ್ಯವಾಗಿ ಹಲವು ತೋಟಗಳ ಮಿಶ್ರಣ. ಅದನ್ನು ಕೀಳು ಎಂದುಕೊಳ್ಳಬೇಡಿ, ಒಂದು ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದುದು ಹಾಗೆಯೇ. ‘ಬರೋಲೊ ದೆಲ್ ಕೊಮೂನೆ ದಿ’ ಎಂದಾದ ಮೇಲೆ ಊರಿನ ಹೆಸರಿದ್ದರೆ ಒಂದೇ ಊರಿನದ್ದು. ತೋಟದ ಹೆಸರಿದ್ದರೆ, ಅಂದರೆ ಕನ್ನೂಬಿ, ಬ್ರುನಾತೆ, ಚೆರೆಕ್ವಿಯೊ, ಬುಸ್ಸಿಯಾ, ವಿನ್ಯಾರಿಯೋಂದಾ, ಮೊನ್‌ವಿಲ್ಯೆರೊ ಇಂಥವು, ಅದು ಗಡಿ ಗುರುತಿಸಿದ ಆ ಜಾಗದ್ದು. ಹನ್ನೊಂದು ಊರಿನ ಹೆಸರುಗಳೂ ಸೇರಿ ಇಂಥ 181 ಹೆಸರುಗಳನ್ನು 2010ರಲ್ಲಿ ಅಧಿಕೃತಗೊಳಿಸಿದರು. ಎಚ್ಚರ: ಈ ಪಟ್ಟಿ ಗಡಿಯನ್ನು ಹೇಳುತ್ತದೆ, ದರ್ಜೆಯನ್ನಲ್ಲ. ಬುಸ್ಸಿಯಾದಂಥ ಹೆಸರು ನೂರಾರು ಹೆಕ್ಟೇರಿಗೆ ಹರಡಿದೆ, ಒಳಗೆ ಉತ್ತಮವೂ ಇದೆ, ಸಾಧಾರಣವೂ ಇದೆ. ‘ವಿನ್ಯಾ’ ಎಂಬ ಪದ ಮುಂದಿದ್ದರೆ ಇಳುವರಿಯ ಮಿತಿ ಇನ್ನೂ ಬಿಗಿ, ಹೆಕ್ಟೇರಿಗೆ 7.2 ಟನ್. ಕೊನೆಗೆ ಎಲ್ಲಕ್ಕಿಂತ ಮಿಗಿಲಾದದ್ದು ಮಾಡಿದವರ ಹೆಸರು.

ಬಾರ್ಬರೆಸ್ಕೊ ಇದರ ತಮ್ಮನೇ?

ಅದೇ ದ್ರಾಕ್ಷಿ, ಆಲ್ಬಾದ ಇನ್ನೊಂದು ಬದಿ. 26 ತಿಂಗಳಿಗೆ ಹೊರಬರಬಹುದು. ತುಸು ಬೇಗ ಒಲಿಯುತ್ತದೆ, ದರ್ಜೆಯಲ್ಲಿ ಕಡಿಮೆಯೇನಿಲ್ಲ.

ಯಾವ ವರ್ಷದ್ದು ಕೊಳ್ಳಬೇಕು?

ಬಾಳಿಕೆಗೆ: 1996, 1999, 2001, 2004, 2006, 2010, 2013, 2016, 2019. ಇವು ಹುಳಿ, ಒಗರು, ಹಣ್ಣು ಮೂರೂ ಸರಿಕೂಡಿದ ವರ್ಷಗಳು. 2003 ಮತ್ತು 2017 ಬಿಸಿಲು ವಿಪರೀತವಾದವು, 2002ರಲ್ಲಿ ಮಳೆ ಮತ್ತು ಆಲಿಕಲ್ಲು ಬೆಳೆ ಕೆಡಿಸಿತು. 2014 ತಂಪು, ಮಳೆಯ ವರ್ಷವಾದರೂ ಶ್ರದ್ಧೆಯವರು ಹಗುರವಾದ, ಘಮದ ವೈನ್ ಮಾಡಿದರು. ಈಗಲೇ ಕುಡಿಯಬೇಕೆಂದರೆ ಹೊಗಳಿಕೆಯ 2019ಕ್ಕಿಂತ ಹಗುರವಾದ 2018 ಹೆಚ್ಚು ಸುಖ ಕೊಡುತ್ತದೆ.

ಬೆಂಗಳೂರು, ಮಂಗಳೂರಿನ ಮನೆಯಲ್ಲಿ ಹತ್ತು ವರ್ಷ ಇಡಬಹುದೇ?

ಕಪಾಟಿನಲ್ಲಿ, ಖಂಡಿತ ಬೇಡ. ಬೇಕಿರುವುದು 12ರಿಂದ 14 ಡಿಗ್ರಿ, ಶೇ 60–70 ತೇವಾಂಶ, ಕತ್ತಲು, ಅಲುಗಾಡದ ಜಾಗ, ಅಡ್ಡ ಮಲಗಿಸಿದ ಬಾಟಲಿ. ಬೆಂಗಳೂರಿನ ಮನೆ ಬೇಸಿಗೆಯಲ್ಲಿ 30 ದಾಟುತ್ತದೆ, ಕರಾವಳಿಯಲ್ಲಿ ವರ್ಷವಿಡೀ ಸೆಕೆ. ಬಿಸಿಯಲ್ಲಿ ವೈನ್ ಹಿಗ್ಗಿ ಬಿರಡೆಯನ್ನು ತಳ್ಳುತ್ತದೆ, ತಣ್ಣಗಾದಾಗ ಕುಗ್ಗಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಾಗುವ ಬದಲು ಬೇಯುತ್ತದೆ. ಅಡುಗೆಮನೆಯ ಫ್ರಿಜ್ಜಿನ ತಲೆಯ ಮೇಲೆ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು: ಬಿಸಿಯೂ ಉಂಟು, ನಡುಕವೂ ಉಂಟು. ಫ್ರಿಜ್ಜಿನ ಒಳಗೆ ಕೆಲವು ವಾರಕ್ಕೆ ತೊಂದರೆಯಿಲ್ಲ, ವರ್ಷಗಟ್ಟಲೆ ಇಟ್ಟರೆ ಒಣ ಗಾಳಿಗೆ ಬಿರಡೆ ಒಣಗುತ್ತದೆ.

ನಿಜವಾಗಿ ಮಾಗಿಸುವ ಮನಸ್ಸಿದ್ದರೆ ಕಂಪ್ರೆಸರ್ ಇರುವ ವೈನ್ ಫ್ರಿಜ್ ಬೇಕು. 13 ಡಿಗ್ರಿಗೆ ಹೊಂದಿಸಿ ತುಂಬ ಬಾಟಲಿ ಇಡಿ. ತುಂಬಿದ ಫ್ರಿಜ್ ಕರೆಂಟ್ ಹೋದಾಗ ತಂಪನ್ನು ಹೆಚ್ಚು ಹೊತ್ತು ಹಿಡಿಯುತ್ತದೆ, ಬಾಗಿಲು ಮಾತ್ರ ತೆರೆಯಬೇಡಿ. ಅಂಥ ಏರ್ಪಾಟು ಇಲ್ಲದಿದ್ದರೆ ಆಗಲೇ ಮಾಗಿದ ಬಾಟಲಿ ಕೊಂಡು, ಮನೆಯ ಅತಿ ತಂಪಿನ ಕೋಣೆಯಲ್ಲಿ ಥರ್ಮೊಕೋಲ್ ಡಬ್ಬಿಯೊಳಗಿಟ್ಟು, ಬೇಸಿಗೆ ಬರುವ ಮೊದಲು ಕುಡಿದುಬಿಡಿ. ವಿಮಾನ ನಿಲ್ದಾಣದಿಂದ ಬರುವಾಗ ಕಾರಿನ ಡಿಕ್ಕಿಯಲ್ಲಿಟ್ಟು ಬಿಸಿಲಲ್ಲಿ ನಿಲ್ಲಿಸಿದ ಎರಡು ಗಂಟೆ ಸಾಕು, ಹದಿನೈದು ವರ್ಷದ ಕಾಯುವಿಕೆ ನೀರಿಗೆ ಹೋಗುತ್ತದೆ.

ತೆರೆಯುವ ಕ್ರಮ?

ಎಳೆಯದು ಬೇರೆ, ಹಳೆಯದು ಬೇರೆ.

ಹತ್ತು ವರ್ಷದೊಳಗಿನದನ್ನು ಅಗಲ ತಳದ ಜಗ್ಗಿಗೆ ಧೈರ್ಯವಾಗಿ ಸುರಿದು ಎರಡು–ಮೂರು ಗಂಟೆ ಬಿಡಿ. ಗಾಳಿ ತಗಲಿ ಘಮ ತೆರೆಯುತ್ತದೆ, ಒಗರು ಸ್ವಲ್ಪ ಸಡಿಲಿಸುತ್ತದೆ. ಜಗ್ ಇಲ್ಲದಿದ್ದರೆ ಸ್ಟೀಲ್ ತಂಬಿಗೆಯೂ ಆದೀತು, ಸೋಪಿನ ವಾಸನೆ ಮಾತ್ರ ಇರಬಾರದು. ಬಿರಡೆ ತೆಗೆದು ಬಾಟಲಿಯನ್ನು ಹಾಗೇ ಇಟ್ಟರೆ ಕತ್ತಿನಷ್ಟಗಲದ ವೈನಿಗೆ ಮಾತ್ರ ಗಾಳಿ ಸಿಗುತ್ತದೆ, ಎಳೆಯದಕ್ಕೆ ಅದು ಸಾಲದು.

ಇಪ್ಪತ್ತು ದಾಟಿದ ಬಾಟಲಿಯನ್ನು ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ, ಗಷ್ಟು ತಳಕ್ಕಿಳಿಯಲಿ. ಹಳೆಯ ಬಿರಡೆ ಪುಡಿಯಾಗುತ್ತದೆ, ತಿರುಪಿಗಿಂತ ಎರಡು ಅಲಗಿನ ಓಪನರ್ ಮೇಲು: ಬಿರಡೆಯ ಎರಡು ಪಕ್ಕಕ್ಕೂ ಅಲಗನ್ನು ತೂಗುತ್ತಾ ಇಳಿಸಿ, ತಿರುಗಿಸುತ್ತಾ ಮೇಲೆತ್ತಿ. ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು, ಕೈ ನಿಲ್ಲಿಸದೆ ಒಂದೇ ಧಾರೆಯಲ್ಲಿ ಸುರಿಯಿರಿ. ಗಷ್ಟಿನ ಎಳೆ ಬಾಟಲಿಯ ಭುಜಕ್ಕೆ ಬಂದ ಕ್ಷಣ ನಿಲ್ಲಿಸಿ. ನಡುವೆ ಬಾಟಲಿಯನ್ನು ನೆಟ್ಟಗೆ ಮಾಡಿ ಮತ್ತೆ ಬಾಗಿಸಿದರೆ ಎಲ್ಲ ಕದಡಿಹೋಗುತ್ತದೆ. ತುಂಬ ಹಳೆಯದನ್ನು ಗಂಟೆಗಟ್ಟಲೆ ಜಗ್ಗಿನಲ್ಲಿ ಬಿಡಬೇಡಿ, ಘಮ ಹಾರಿಹೋಗುತ್ತದೆ.

ಕುಡಿಯುವ ಬಿಸಿ 16ರಿಂದ 18 ಡಿಗ್ರಿ. ‘ಕೋಣೆಯ ಬಿಸಿ’ ಎಂಬ ಮಾತು ಯುರೋಪಿನ ಚಳಿ ಕೋಣೆಗೆ ಹೇಳಿದ್ದು. ನಮ್ಮ 28 ಡಿಗ್ರಿಯಲ್ಲಿ ಮದ್ಯದ ಉರಿಯೊಂದೇ ಮೂಗಿಗೆ ಹೊಡೆಯುತ್ತದೆ. ಐಸು ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಅಥವಾ ಫ್ರಿಜ್ಜಿನಲ್ಲಿ ಸುಮಾರು ಒಂದು ಗಂಟೆ ಇಡಿ. ಅತಿ ತಣ್ಣಗಾದರೂ ತೊಂದರೆಯೇ, ಒಗರು ಇನ್ನೂ ಗಡಸಾಗಿ ಕಾಣುತ್ತದೆ. ಹೊಟ್ಟೆ ಅಗಲದ ದೊಡ್ಡ ಗ್ಲಾಸಿಗೆ ಕಾಲು ಭಾಗ ಮಾತ್ರ ಹಾಕಿ.

ಹಾಳಾಗಿದೆ ಎಂದು ಹೇಗೆ ತಿಳಿಯುವುದು?

ಮೂಗನ್ನು ನಂಬಿ. ಒದ್ದೆ ರಟ್ಟು, ಮಳೆಗಾಲದಲ್ಲಿ ಒಣಗದ ಗೋಣಿಚೀಲದ ವಾಸನೆ ಬಂದರೆ ಬಿರಡೆಯಿಂದ ಬಂದ ಟಿಸಿಎ ಎಂಬ ರಾಸಾಯನಿಕ. ಗಾಳಿಗಿಟ್ಟರೆ ಹೋಗುವುದಿಲ್ಲ, ಹೆಚ್ಚುತ್ತದೆ. ಅಂಗಡಿಗೆ ವಾಪಸು ಕೊಡಿ. ಬಿರಡೆ ಉಬ್ಬಿ ಮೇಲೆದ್ದು ಪಕ್ಕದಲ್ಲಿ ಅಂಟು ಇಳಿದಿದ್ದರೆ ಬಿಸಿ ಬಡಿದಿದೆ, ರುಚಿ ಬೇಯಿಸಿದ ಜಾಮಿನಂತೆ ಇರುತ್ತದೆ. ಕತ್ತರಿಸಿಟ್ಟು ಕಪ್ಪಾದ ಸೇಬಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ. ಗೀರಿದ ಬೆಂಕಿಕಡ್ಡಿಯ ವಾಸನೆಗೆ ಮಾತ್ರ ಹೆದರಬೇಡಿ, ಜಗ್ಗಿಗೆ ಸುರಿದರೆ ಅರ್ಧ ಗಂಟೆಯಲ್ಲಿ ಹೋಗುತ್ತದೆ. ತಳದಲ್ಲಿ ಹರಳು ಕಂಡರೆ ಅದು ದ್ರಾಕ್ಷಿಯದೇ ಟಾರ್ಟಾರಿಕ್ ಉಪ್ಪು, ಗಾಜಲ್ಲ.

ನಮ್ಮ ಊಟದ ಜೊತೆ ಹೊಂದುತ್ತದೆಯೇ?

ಸಾರು, ಕೋಳಿ ಪುಳಿಮುಂಚಿ, ಖಾರದ ಗೊಜ್ಜಿನ ಜೊತೆ ಇಲ್ಲ. ಮೆಣಸಿನಕಾಯಿಯ ಉರಿಯನ್ನು ಮದ್ಯ ಏರಿಸುತ್ತದೆ, ಒಗರು ಅದರ ಮೇಲೆ ಇನ್ನೊಂದು ಪೆಟ್ಟು. ಹುಣಸೆಹುಳಿ ವೈನಿನ ಹಣ್ಣಿನ ರುಚಿಯನ್ನು ನುಂಗುತ್ತದೆ. ಮೀನಿನ ಜೊತೆ ಲೋಹದ ರುಚಿ ಬರುತ್ತದೆ. ಒಗರಿಗೆ ಬೇಕಿರುವುದು ಪ್ರೋಟೀನ್, ಕೊಬ್ಬು, ಉಪ್ಪು. ಅವು ಟ್ಯಾನಿನ್‌ಗೆ ಎಂಜಲಿಗಿಂತ ಮೊದಲೇ ಕೆಲಸ ಕೊಡುತ್ತವೆ. ಅದಕ್ಕೇ ಅಲ್ಲಿನವರು ಬರೋಲೊದಲ್ಲೇ ಗಂಟೆಗಟ್ಟಲೆ ಬೇಯಿಸಿದ ಗೋಮಾಂಸ, ಮೊಟ್ಟೆಯ ಹಳದಿ ಹೇರಳವಾಗಿ ಹಾಕಿದ ತಾಯರಿನ್ ಎಂಬ ಎಳೆ ಪಾಸ್ತಾ, ಅಕ್ಟೋಬರಿನಿಂದ ಸಿಗುವ ಆಲ್ಬಾದ ಬಿಳಿ ಟ್ರಫಲ್ ಎಂಬ ನೆಲದಡಿಯ ಅಣಬೆ ಇವುಗಳ ಜೊತೆ ಕುಡಿಯುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಮಾಡುವುದಾದರೆ ಕಾಳುಮೆಣಸು, ಈರುಳ್ಳಿ ಹಾಕಿ ನಿಧಾನ ಬೇಯಿಸಿದ, ಹಸಿಮೆಣಸಿನಕಾಯಿ ಇಲ್ಲದ ಮಟನ್. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಅಣಬೆಯ ರಿಸೊಟ್ಟೊ, ಹಳೆಯ ಪಾರ್ಮೆಸಾನ್ ಗಿಣ್ಣು.

ಇದು ಸಸ್ಯಾಹಾರವೇ?

ಯಾವಾಗಲೂ ಅಲ್ಲ. ವೈನನ್ನು ತಿಳಿಗೊಳಿಸಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸೀನ್ ಅಥವಾ ಜೆಲಾಟಿನ್ ಬಳಸುತ್ತಾರೆ. ಮೊಟ್ಟೆ, ಹಾಲಿನ ಅಂಶ ಉಳಿದಿದ್ದರೆ ಯುರೋಪಿನ ನಿಯಮದಂತೆ ಲೇಬಲ್‌ನಲ್ಲಿ ಬರೆಯಬೇಕು. ವರ್ಷಗಟ್ಟಲೆ ಪೀಪಾಯಿಯಲ್ಲಿಟ್ಟು ತಾನಾಗಿ ತಿಳಿಯಾಗಲು ಬಿಡುವವರು ಇದಾವುದನ್ನೂ ಹಾಕುವುದಿಲ್ಲ. ಖಚಿತವಾಗಬೇಕಿದ್ದರೆ ‘ವೀಗನ್’ ಗುರುತು ನೋಡಿ.

ಬರೋಲೊ ಕಿನಾಟೊ ಎಂದರೆ?

ಬರೋಲೊಗೆ ಸಿಂಕೋನಾ ತೊಗಟೆ, ಜೆನ್ಶಿಯನ್ ಬೇರು, ಏಲಕ್ಕಿ ಮುಂತಾದ ಮಸಾಲೆ–ಮೂಲಿಕೆಗಳ ಸಾರ, ಸಕ್ಕರೆ, ಸ್ವಲ್ಪ ಸ್ಪಿರಿಟ್ ಸೇರಿಸಿದ ಪಾನೀಯ. ಸೆರ್ರಲುಂಗಾದ ಔಷಧಿಕಾರ ಜುಸೆಪ್ಪೆ ಕಪ್ಪೆಲ್ಲಾನೊ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇದನ್ನು ಹೆಸರಿಗೆ ತಂದರು. ಮೊದಲು ಔಷಧಿಯಂತೆ ಕುಡಿಯುತ್ತಿದ್ದರು, ಈಗ ಊಟದ ಕೊನೆಗೆ ಕಪ್ಪು ಚಾಕೊಲೇಟಿನ ಜೊತೆ. ಕಷಾಯ ಕುಡಿದು ಬೆಳೆದವರಿಗೆ ತಕ್ಷಣ ಹಿಡಿಸುತ್ತದೆ.

ಆರೋಗ್ಯಕ್ಕೆ ಒಳ್ಳೆಯದಂತೆ?

ಆ ಕಾರಣಕ್ಕೆ ಕುಡಿಯಬೇಡಿ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಶೇ 14ರ ವೈನಿನ 150 ಮಿಲಿ ಗ್ಲಾಸಿನಲ್ಲಿ ಸುಮಾರು 16–17 ಗ್ರಾಂ ಶುದ್ಧ ಮದ್ಯವಿದೆ. ಒಂದು ಬಾಟಲಿಯನ್ನು ಐದಾರು ಮಂದಿ ಹಂಚಿಕೊಳ್ಳುವುದೇ ಸರಿ.

ಅಷ್ಟು ದುಡ್ಡಿಲ್ಲ, ರುಚಿ ಮಾತ್ರ ತಿಳಿಯಬೇಕು?

‘ಲಾಂಗೆ ನೆಬ್ಬಿಯೋಲೊ’ ಎಂದು ಬರೆದ ಬಾಟಲಿ ಹುಡುಕಿ. ಎಷ್ಟೋ ಸಲ ಅದೇ ಮನೆಯವರು, ಎಳೆಯ ಬಳ್ಳಿಗಳ ಅಥವಾ ಪಕ್ಕದ ತೋಟದ ಹಣ್ಣಿನಿಂದ ಮಾಡಿ ಬೇಗ ಮಾರುವ ವೈನ್ ಅದು. ಬೆಲೆ ಬರೋಲೊಗಿಂತ ಬಹಳ ಕಡಿಮೆ. ಗುಲಾಬಿ ಇರುತ್ತದೆ, ಹುಳಿ ಚೆರ್ರಿ ಇರುತ್ತದೆ, ಒಗರೂ ಇರುತ್ತದೆ, ಮೂರು–ನಾಲ್ಕು ವರ್ಷಕ್ಕೇ ಕುಡಿಯಬಹುದು. ಅರ್ಧ ಬಾಟಲಿ ಉಳಿದರೆ ಬಿರಡೆ ಬಿಗಿದು ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ. ಎಳೆಯ ನೆಬ್ಬಿಯೋಲೊ ಮಾರನೆಯ ದಿನ ಮೊದಲ ದಿನಕ್ಕಿಂತ ಚೆನ್ನಾಗಿರುವುದುಂಟು, ಮೂರನೆಯ ದಿನದವರೆಗೂ ತಡೆಯುತ್ತದೆ.